ಡೆಂಡ್ರಾನ್ ಅಂದರೆ ಮರ: ಬುಡದ ಉಂಗುರದಿಂದ ಬ್ಯಾಟರಿಯ ಬೆಂಕಿವರೆಗೆ

2025ರ ಏಪ್ರಿಲ್‌ನಲ್ಲಿ ಮೈಸೂರಿನ ಹೈದರ್ ಅಲಿ ರಸ್ತೆಯನ್ನು ಅಗಲ ಮಾಡಲು 40 ಮರ ಕಡಿದಾಗ ಊರಲ್ಲಿ ಅದು ದೊಡ್ಡ ಚರ್ಚೆಯಾಯಿತು. ಮರ ಉರುಳಿದ ಕಡೆಯೆಲ್ಲ ಒಂದು ಪ್ರಶ್ನೆ ಏಳುತ್ತದೆ. ಇದಕ್ಕೆ ಎಷ್ಟು ವಯಸ್ಸಾಗಿತ್ತು? ಬುಡದ ಉಂಗುರ ಎಣಿಸಿದರೆ ತಿಳಿಯುತ್ತದೆ ಅಂತ ಶಾಲೆಯಲ್ಲಿ ಓದಿದ ನೆನಪು ಎಲ್ಲರಿಗೂ ಇದೆ. ಅದನ್ನೇ ಹುಡುಕಲು ಹೋದರೆ 'ಡೆಂಡ್ರೋಕ್ರೊನಾಲಜಿ' ಅನ್ನುವ ಉದ್ದದ ಹೆಸರು ಎದುರಾಗುತ್ತದೆ.

ಈ 'ಡೆಂಡ್ರೋ' ಅಲ್ಲಿಗೇ ನಿಲ್ಲುವುದಿಲ್ಲ. ಕಣ್ಣಿನ ಡಾಕ್ಟರ ಚೀಟಿಯಲ್ಲಿ 'ಡೆಂಡ್ರಿಟಿಕ್ ಅಲ್ಸರ್' ಅಂತ ಬರುತ್ತದೆ. ಎಲೆಕ್ಟ್ರಿಕ್ ಸ್ಕೂಟರಿಗೆ ಬೆಂಕಿ ಹತ್ತಿದ ಸುದ್ದಿಯಲ್ಲಿ 'ಡೆಂಡ್ರೈಟ್' ಬರುತ್ತದೆ. ಪಿಯುಸಿ ಜೀವಶಾಸ್ತ್ರದ ಪುಸ್ತಕದಲ್ಲೂ ಡೆಂಡ್ರೈಟ್ ಇದೆ, ಆದರೆ ಅಲ್ಲಿ ಅದು ನರಕೋಶದ ಒಂದು ಭಾಗ. ಮರಕ್ಕೂ ಇವಕ್ಕೂ ಏನು ಸಂಬಂಧ ಅಂತ ಅನ್ನಿಸುವುದು ಸಹಜ. ಸಂಬಂಧ ಇದೆ.

ಪದದ ಬೇರು

ಗ್ರೀಕ್ ಭಾಷೆಯಲ್ಲಿ 'ಡೆಂಡ್ರಾನ್' ಅಂದರೆ ಮರ. ಬೇರೆ ಪದದ ಮುಂದೆ ಸೇರುವಾಗ ಅದು 'ಡೆಂಡ್ರೋ' ಆಗುತ್ತದೆ, ಕೊನೆಯಲ್ಲಿ ಬಂದರೆ 'ಡೆಂಡ್ರಾನ್' ಅಥವಾ 'ಡೆಂಡ್ರಮ್'. ಸಂಸ್ಕೃತದ 'ದಾರು' ಇದರ ದೂರದ ನೆಂಟ. ಎರಡೂ ಒಂದೇ ಹಳೆಯ ಮೂಲದಿಂದ ಬಂದವು ಅಂತ ಭಾಷೆಯ ವಿದ್ವಾಂಸರು ಹೇಳುತ್ತಾರೆ. ದೇವದಾರು ಅನ್ನುವಾಗ ನಾವೂ ಆ ಕುಟುಂಬದ ಪದವನ್ನೇ ಬಳಸುತ್ತಿದ್ದೇವೆ. ನಮ್ಮ 'ಮರ' ಮಾತ್ರ ದ್ರಾವಿಡ ಪದ, ಅದಕ್ಕೂ ಇದಕ್ಕೂ ನಂಟಿಲ್ಲ.

ವಿಜ್ಞಾನದಲ್ಲಿ ಈ ಪದಕ್ಕೆ ಎರಡು ಕೆಲಸ. ಕೆಲವು ಕಡೆ ಅದು ನಿಜವಾದ ಮರವನ್ನೇ ಹೇಳುತ್ತದೆ. ಉಳಿದ ಕಡೆ ಮರದ ಆಕಾರವನ್ನು, ಅಂದರೆ ಕವಲೊಡೆದು ಮತ್ತೆ ಕವಲೊಡೆಯುವ ರೂಪವನ್ನು ಮಾತ್ರ ಹೇಳುತ್ತದೆ. ಇವೆರಡನ್ನು ಬೇರೆ ಮಾಡಿಕೊಂಡರೆ ಅರ್ಧ ಗೊಂದಲ ಹೋಯಿತು.

ಹೆಸರಲ್ಲಿ ಮರ ಇರುವ ಗಿಡಗಳು

ಊಟಿಗೆ ಹೋದವರು ಕೆಂಪು ಹೂವಿನ ರೋಡೋಡೆಂಡ್ರಾನ್ ನೋಡಿರಬಹುದು. 'ರೋಡಾನ್' ಅಂದರೆ ಗುಲಾಬಿ, ಹಾಗಾಗಿ ಅದು ಗುಲಾಬಿ ಮರ. ಮನೆಯೊಳಗೆ ಕುಂಡದಲ್ಲಿ ಬೆಳೆಸುವ ಫಿಲೋಡೆಂಡ್ರಾನ್ ಅಂದರೆ ಮರವನ್ನು ಪ್ರೀತಿಸುವುದು. ಕಾಡಿನಲ್ಲಿ ಅದು ಮರ ತಬ್ಬಿಕೊಂಡು ಹತ್ತುವ ಬಳ್ಳಿ, ಅದಕ್ಕೇ ಆ ಹೆಸರು. ಮದುವೆ ಮಂಟಪದ ಹೂಗುಚ್ಛದಲ್ಲಿ ಕಾಣುವ ನೇರಳೆ ಆರ್ಕಿಡ್ ಹೆಚ್ಚಾಗಿ ಡೆಂಡ್ರೋಬಿಯಮ್, ಅಂದರೆ ಮರದ ಮೇಲೆ ಬದುಕುವುದು.

ಬಂಡೀಪುರದ ಕಡೆಯ ಒಣ ಕಾಡಿನಲ್ಲಿ ಬೆಳೆಯುವ, ಒಳಗೆ ಟೊಳ್ಳು ಕಮ್ಮಿ ಇದ್ದು ಲಾಠಿಗೆ ಒದಗುವ ಗಟ್ಟಿ ಬಿದಿರಿನ ಹೆಸರು ಡೆಂಡ್ರೋಕೆಲಾಮಸ್ ಸ್ಟ್ರಿಕ್ಟಸ್. ಮರದಷ್ಟು ಎತ್ತರದ ಜೊಂಡು ಅಂತ ಅದರ ಅರ್ಥ. ಬಿದಿರು ಮರವಲ್ಲ, ಹುಲ್ಲಿನ ಜಾತಿ. ಅದರ ಕಾಂಡ ವರ್ಷ ವರ್ಷ ದಪ್ಪ ಆಗುವುದಿಲ್ಲ, ಹಾಗಾಗಿ ಅದರಲ್ಲಿ ಉಂಗುರವೂ ಇಲ್ಲ.

ಮರಗಳನ್ನು ಗುರುತಿಸಿ ಅಧ್ಯಯನ ಮಾಡುವ ಶಾಸ್ತ್ರಕ್ಕೆ ಡೆಂಡ್ರಾಲಜಿ ಅನ್ನುತ್ತಾರೆ. ಅರಣ್ಯಶಾಸ್ತ್ರ ಓದುವವರಿಗೆ ಇದು ಪಾಠದ ವಿಷಯ. ಮರದ ಸುತ್ತಳತೆ ಎಷ್ಟು ಹೆಚ್ಚಿತು ಅಂತ ಅಳೆಯುವ ಪಟ್ಟಿಗೆ ಡೆಂಡ್ರೋಮೀಟರ್ ಅಂತ ಹೆಸರು.

ಉಂಗುರ ಹೇಗೆ ಮೂಡುತ್ತದೆ?

ಮರ ದಪ್ಪ ಆಗುವುದು ಒಳಗಿನಿಂದಲ್ಲ. ತೊಗಟೆಯ ಕೆಳಗೆ ಕೇಂಬಿಯಂ ಅನ್ನುವ ತೆಳುವಾದ ಪದರ ಇದೆ. ಅದು ಒಳಗಡೆಗೆ ಹೊಸ ಕಟ್ಟಿಗೆ ಸೇರಿಸುತ್ತಾ ಹೋಗುತ್ತದೆ. ಹಾಗಾಗಿ ಮಧ್ಯದ ಕಟ್ಟಿಗೆ ಹಳೆಯದು, ತೊಗಟೆ ಹತ್ತಿರದ್ದು ಹೊಸದು.

ಚಳಿ ದೇಶಗಳಲ್ಲಿ ವಸಂತ ಬಂದಾಗ ಮರ ವೇಗವಾಗಿ ಬೆಳೆಯುತ್ತದೆ. ಆಗ ಹುಟ್ಟುವ ಕೋಶಗಳು ದೊಡ್ಡವು, ಬಣ್ಣ ತಿಳಿ. ಬೇಸಿಗೆ ಮುಗಿಯುವ ಹೊತ್ತಿಗೆ ಬೆಳವಣಿಗೆ ನಿಧಾನವಾಗಿ, ಕೋಶಗಳು ಚಿಕ್ಕವಾಗಿ, ಗೋಡೆ ದಪ್ಪವಾಗಿ ಕಪ್ಪು ಗೆರೆ ಕಾಣುತ್ತದೆ. ಚಳಿಗಾಲದಲ್ಲಿ ಬೆಳವಣಿಗೆ ಪೂರ್ತಿ ನಿಲ್ಲುತ್ತದೆ. ಮುಂದಿನ ವರ್ಷ ಮತ್ತೆ ತಿಳಿ ಬಣ್ಣ. ಒಂದು ತಿಳಿ, ಒಂದು ಕಪ್ಪು, ಎರಡೂ ಸೇರಿ ಒಂದು ವರ್ಷ.

ಇದರ ಗುಟ್ಟು ನಿಲ್ಲುವುದರಲ್ಲಿದೆ. ಬೆಳವಣಿಗೆ ವರ್ಷಕ್ಕೊಮ್ಮೆ ನಿಂತರೆ ಮಾತ್ರ ವರ್ಷಕ್ಕೊಂದು ಗೆರೆ. ಮೈಸೂರು, ಮಂಡ್ಯದಲ್ಲಿ ಮರವನ್ನು ನಿಲ್ಲಿಸುವಂಥ ಚಳಿ ಇಲ್ಲ ಅಲ್ವಾ? ಅದಕ್ಕೇ ನಮ್ಮ ರಸ್ತೆ ಬದಿಯ ಎಷ್ಟೋ ಮರಗಳಲ್ಲಿ ಉಂಗುರ ಮಸುಕು ಮಸುಕಾಗಿರುತ್ತದೆ. ಒಂದು ವರ್ಷದಲ್ಲಿ ಮಳೆ ಬಂದು, ನಿಂತು, ಮತ್ತೆ ಬಂದರೆ ಎರಡು ಗೆರೆ ಮೂಡಬಹುದು. ಬಹಳ ಕೆಟ್ಟ ವರ್ಷದಲ್ಲಿ ಬುಡದ ಒಂದು ಬದಿಯಲ್ಲಿ ಗೆರೆಯೇ ಮೂಡದಿರಬಹುದು. ಹಾಗಾಗಿ ಕಡಿದ ಬುಡದ ಮುಂದೆ ಕೂತು ಸುಮ್ನೆ ಎಣಿಸಿ 'ಇದಕ್ಕೆ ಇಷ್ಟೇ ವರ್ಷ' ಅಂತ ಖಡಾಖಂಡಿತವಾಗಿ ಹೇಳಲು ಬರುವುದಿಲ್ಲ.

ತೇಗ ಬೇರೆ. ಬೇಸಿಗೆ ಬರುವ ಹೊತ್ತಿಗೆ ಅದು ಎಲೆ ಉದುರಿಸಿ ಸುಮ್ಮನಾಗುತ್ತದೆ, ಮುಂಗಾರು ಬಂದಾಗ ಮತ್ತೆ ಚಿಗುರುತ್ತದೆ. ಆ ಹೊಸ ಬೆಳವಣಿಗೆಯ ಮೊದಲಲ್ಲಿ ದೊಡ್ಡ ದೊಡ್ಡ ರಂಧ್ರಗಳ ಸಾಲು ಮೂಡುತ್ತದೆ. ಸಾಮಿಲ್‌ನಲ್ಲಿ ಅಡ್ಡ ಕೊಯ್ದ ತೇಗದ ದಿಮ್ಮಿ ನೋಡಿದರೆ ಬರಿಗಣ್ಣಿಗೇ ಆ ಸಾಲು ಕಾಣುತ್ತದೆ. ದಕ್ಷಿಣ ಭಾರತದಲ್ಲಿ ಈ ಅಧ್ಯಯನಕ್ಕೆ ಹೆಚ್ಚಾಗಿ ತೇಗವನ್ನೇ ಆರಿಸುವುದು ಇದಕ್ಕೇ. ಕೇರಳದ ತೇಗದ ಮರಗಳಿಂದ 500 ವರ್ಷಕ್ಕೂ ಹಿಂದಿನವರೆಗೆ ಉಂಗುರಗಳ ದಾಖಲೆ ಕಟ್ಟಿದ್ದಾರೆ.

ಎಣಿಸುವುದಲ್ಲ, ಹೊಂದಿಸುವುದು

ಕ್ರೊನೋಸ್ ಅಂದರೆ ಕಾಲ. ಡೆಂಡ್ರೋಕ್ರೊನಾಲಜಿ ಅಂದರೆ ಮರದಿಂದ ಕಾಲ ತಿಳಿಯುವ ವಿದ್ಯೆ. ಇದನ್ನು ಕಟ್ಟಿದವರು ಆಂಡ್ರ್ಯೂ ಡಗ್ಲಸ್ ಎಂಬ ಅಮೆರಿಕದ ಖಗೋಳ ವಿಜ್ಞಾನಿ. ಅವರಿಗೆ ಬೇಕಾಗಿದ್ದದ್ದು ಮರದ ವಯಸ್ಸಲ್ಲ. ಸೂರ್ಯನ ಕಲೆಗಳು ಹೆಚ್ಚುಕಡಿಮೆ ಆಗುವುದಕ್ಕೂ ಭೂಮಿಯ ಹವಾಮಾನಕ್ಕೂ ಸಂಬಂಧ ಇದೆಯಾ ಅಂತ ನೋಡಬೇಕಿತ್ತು. ಮಳೆಯ ಹಳೆಯ ಲೆಕ್ಕ ಎಲ್ಲೂ ಸಿಗಲಿಲ್ಲ, ಹಾಗಾಗಿ ಅರಿಜೋನಾದ ಒಣ ನಾಡಿನ ಪೈನ್ ಮರಗಳ ಉಂಗುರ ಅಳೆಯಲು ಶುರು ಮಾಡಿದರು. ಒಳ್ಳೆ ಮಳೆಯ ವರ್ಷ ಅಗಲದ ಉಂಗುರ, ಬರದ ವರ್ಷ ಸಣ್ಣ ಉಂಗುರ.

ಆಗ ಒಂದು ವಿಷಯ ಕಣ್ಣಿಗೆ ಬಿತ್ತು. ಒಂದೇ ಸೀಮೆಯ ಮರಗಳಲ್ಲಿ ಅಗಲ, ಸಣ್ಣ, ಸಣ್ಣ, ಅಗಲ ಅನ್ನುವ ಕ್ರಮ ಒಂದೇ ಥರ ಬರುತ್ತದೆ. ಯಾಕೆಂದರೆ ಬರ ಒಂದು ಮರಕ್ಕೆ ಬರುವುದಿಲ್ಲ, ಇಡೀ ಸೀಮೆಗೆ ಬರುತ್ತದೆ. ಇವತ್ತು ಬದುಕಿರುವ ಮರದ ಒಳಗಿನ ಹಳೆಯ ಉಂಗುರಗಳ ಕ್ರಮ, ಹಳೆಯ ಮನೆಯ ತೊಲೆಯ ಹೊರಗಿನ ಉಂಗುರಗಳ ಕ್ರಮಕ್ಕೆ ಹೊಂದಿದರೆ, ತೊಲೆಯ ಮರ ಯಾವ ವರ್ಷ ಕಡಿದದ್ದು ಅಂತ ಹೇಳಬಹುದು. ಆ ತೊಲೆಯಿಂದ ಅದಕ್ಕಿಂತ ಹಳೆಯ ಇನ್ನೊಂದು ತೊಲೆಗೆ ಹೋಗಬಹುದು. ಹೀಗೆ ಹೊಂದಿಸುತ್ತಾ ಹೋಗಿ 1929ರಲ್ಲಿ ಡಗ್ಲಸ್ ಅಮೆರಿಕದ ಮೂಲನಿವಾಸಿಗಳ ಪಾಳುಬಿದ್ದ ಊರುಗಳು ಯಾವಾಗ ಕಟ್ಟಿದ್ದು ಅಂತ ವರ್ಷದ ಸಮೇತ ಹೇಳಿದರು. 1937ರಲ್ಲಿ ಅರಿಜೋನಾ ವಿಶ್ವವಿದ್ಯಾಲಯದಲ್ಲಿ ಇದಕ್ಕೇ ಅಂತ ಒಂದು ಪ್ರಯೋಗಾಲಯ ಶುರುವಾಯಿತು. ಈ ಹೊಂದಿಸುವ ಕೆಲಸದಿಂದಲೇ ಬಿಟ್ಟುಹೋದ ಉಂಗುರ, ಸುಳ್ಳು ಉಂಗುರ ಎರಡೂ ಸಿಕ್ಕಿಬೀಳುತ್ತವೆ. ಈ ಶಾಸ್ತ್ರದ ಜೀವ ಇರುವುದೇ ಇಲ್ಲಿ.

ಇದಕ್ಕೆಲ್ಲ ಮರ ಕಡಿಯಬೇಕಾಗಿಲ್ಲ. ಬೈರಿಗೆಯಂಥ ಟೊಳ್ಳು ಉಪಕರಣವನ್ನು ತೊಗಟೆಯಿಂದ ನಡುವಿನವರೆಗೆ ತಿರುಗಿಸಿ, ಪೆನ್ಸಿಲ್‌ಗಿಂತ ತೆಳ್ಳಗಿನ ಕಡ್ಡಿ ತೆಗೆಯುತ್ತಾರೆ. ಮರ ಬದುಕಿಯೇ ಇರುತ್ತದೆ. ಕ್ಯಾಲಿಫೋರ್ನಿಯಾದ ಬೆಟ್ಟದಲ್ಲಿರುವ ಒಂದು ಬ್ರಿಸಲ್‌ಕೋನ್ ಪೈನ್ ಮರಕ್ಕೆ 4,800 ವರ್ಷಕ್ಕೂ ಜಾಸ್ತಿ ವಯಸ್ಸು ಅಂತ ತಿಳಿದದ್ದು ಇದೇ ರೀತಿ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. 2012ರಲ್ಲಿ ಜಪಾನಿನ ಫುಸಾ ಮಿಯಾಕೆ ಮತ್ತು ಸಂಗಡಿಗರು ಜಪಾನಿನ ಸೀಡರ್ (ಸುಗಿ) ಅನ್ನುವ ಹಳೆಯ ಮರಗಳ ಕ್ರಿ.ಶ. 774-775ರ ಉಂಗುರಗಳಲ್ಲಿ ಕಾರ್ಬನ್-14 ಅನ್ನುವ ವಿಕಿರಣಶೀಲ ಇಂಗಾಲ ತಟ್ಟನೆ ಏರಿರುವುದನ್ನು ತೋರಿಸಿದರು. ಅದಕ್ಕೆ ಕಾರಣ ಸೂರ್ಯನಿಂದ ಬಂದ ಭಾರಿ ಕಣಗಳ ಸ್ಫೋಟ ಇರಬೇಕು ಅನ್ನುವುದು ಹೆಚ್ಚಿನ ವಿಜ್ಞಾನಿಗಳ ಅಭಿಪ್ರಾಯ. ಅಂಥದ್ದೇ ಇನ್ನೊಂದು ಗುರುತು 993ರಲ್ಲಿ ಸಿಕ್ಕಿತು, ಶ್ರವಣಬೆಳಗೊಳದ ಬಾಹುಬಲಿ ಮೂರ್ತಿ ನಿಂತು ಹತ್ತು ಹನ್ನೆರಡು ವರ್ಷ ಆಗಿದ್ದ ಕಾಲ ಅದು. ಈ ಗುರುತು ಜಗತ್ತಿನ ಎಲ್ಲ ಕಡೆಯ ಮರಗಳಲ್ಲೂ ಇರುವುದರಿಂದ ಹೊಂದಿಸಲು ಉದ್ದದ ಸರಣಿಯೇ ಬೇಕಾಗಿಲ್ಲ. ಕೆನಡಾದಲ್ಲಿ ಉತ್ತರ ಯುರೋಪಿನ ಕಡಲಯಾನಿಗಳಾದ ವೈಕಿಂಗರು ಬಿಟ್ಟುಹೋದ ಕಟ್ಟಿಗೆ ತುಂಡುಗಳಲ್ಲಿ 993ರ ಉಂಗುರ ಹುಡುಕಿ, ಅಲ್ಲಿಂದ ತೊಗಟೆವರೆಗೆ 28 ಉಂಗುರ ಎಣಿಸಿ, ಅವರು ಆ ಮರಗಳನ್ನು ಕಡಿದದ್ದು 1021ರಲ್ಲಿ ಅಂತ 2021ರಲ್ಲಿ ಪ್ರಕಟಿಸಿದರು.

ಧಾತು ಈಶ್ವರ ಬರ ಮರದಲ್ಲಿ

ಉಂಗುರದಿಂದ ಹಳೆಯ ಹವಾಮಾನ ಓದುವುದಕ್ಕೆ ಡೆಂಡ್ರೋಕ್ಲೈಮೆಟಾಲಜಿ ಅನ್ನುತ್ತಾರೆ. ನಮಗೆ ಹೆಚ್ಚು ಹತ್ತಿರದ ವಿಷಯ ಇದೇ. 2010ರಲ್ಲಿ ಏಷ್ಯಾದ 300ಕ್ಕೂ ಹೆಚ್ಚು ಕಡೆಯ ಮರಗಳ ಉಂಗುರ ಸೇರಿಸಿ, ಮುಂಗಾರು ಯಾವ ವರ್ಷ ಎಲ್ಲಿ ಕೈಕೊಟ್ಟಿತ್ತು ಅನ್ನುವ ನಕ್ಷೆಗಳನ್ನು ಪ್ರಕಟಿಸಿದರು. ಅದರಲ್ಲಿ ಎದ್ದು ಕಾಣುವ ದೊಡ್ಡ ಬರಗಳಲ್ಲಿ ಒಂದು 1876ರಿಂದ 1878ರದ್ದು. ಮೈಸೂರು ಸೀಮೆಯಲ್ಲಿ ಅದನ್ನು ಧಾತು ಈಶ್ವರ ಬರ ಅಂತ ಕರೆಯುತ್ತಾರೆ. ಧಾತು ಸಂವತ್ಸರದಲ್ಲಿ ಶುರುವಾಗಿ ಈಶ್ವರ ಸಂವತ್ಸರದಲ್ಲೂ ಮುಂದುವರಿದ ಆ ಬರದಲ್ಲಿ ಸಂಸ್ಥಾನದ ಲಕ್ಷಾಂತರ ಜನ ಸತ್ತರು. ಆ ಹೊತ್ತಿಗೆ ಸರ್ಕಾರದ ಕಡತಗಳಿದ್ದವು. ಅದಕ್ಕೂ ನೂರಿನ್ನೂರು ವರ್ಷ ಹಿಂದಿನ ಬರಗಳಿಗೆ ಮಳೆ ಮಾಪನದ ಲೆಕ್ಕ ಇಲ್ಲ, ಮರಗಳಲ್ಲಿ ಇದೆ.

ಆದರೆ ಎಲ್ಲ ಮರವೂ ಇದಕ್ಕೆ ಆಗುವುದಿಲ್ಲ. ಮಂಡ್ಯದಲ್ಲಿ ನಾಲೆ ಏರಿ ಪಕ್ಕ ಬೆಳೆದ ತೇಗಕ್ಕೆ ಮಳೆ ಬರಲಿ ಬಿಡಲಿ ನೀರು ಸಿಗುತ್ತದೆ. ಅದರ ಉಂಗುರ ಪ್ರತಿ ವರ್ಷ ಹೆಚ್ಚು ಕಡಿಮೆ ಒಂದೇ ಅಗಲ ಇರುತ್ತದೆ, ಬರದ ಸುದ್ದಿ ಅದು ಹೇಳುವುದಿಲ್ಲ. ಕಾಡಿನ ಇಳಿಜಾರಿನಲ್ಲಿ, ತೆಳು ಮಣ್ಣಿನಲ್ಲಿ, ಮಳೆಯನ್ನೇ ನಂಬಿ ನಿಂತ ಮರ ಹೇಳುತ್ತದೆ.

ಇನ್ನು ಬರೀ ಆಕಾರ: ನದಿ ಮತ್ತು ನರಕೋಶ

ಮೈಸೂರು, ಮಂಡ್ಯ ಜಿಲ್ಲೆಗಳ ಅಂತರ್ಜಲ ವರದಿ ತೆಗೆದರೆ ಇಲ್ಲಿನ ಹಳ್ಳ ಹೊಳೆಗಳ ವಿನ್ಯಾಸ 'ಡೆಂಡ್ರಿಟಿಕ್' ಅಂತ ಬರೆದಿರುತ್ತದೆ. ಮೇಲಿನಿಂದ ನೋಡಿದರೆ ಸಣ್ಣ ಹಳ್ಳಗಳು ಸೇರಿ ತೊರೆ, ತೊರೆಗಳು ಸೇರಿ ಹೊಳೆ, ಹೊಳೆಗಳು ಸೇರಿ ಕಾವೇರಿ, ಎಲ್ಲ ಸೇರಿ ಎಲೆ ಉದುರಿದ ಮರದ ಚಿತ್ರ. ಕೆಳಗಿನ ಬಂಡೆ ಎಲ್ಲ ಕಡೆ ಹೆಚ್ಚು ಕಡಿಮೆ ಒಂದೇ ಗಟ್ಟಿ ಇದ್ದರೆ ನೀರು ಯಾವ ದಿಕ್ಕಿಗೂ ಕಟ್ಟುಬೀಳದೆ ಹೀಗೆ ಹರಿಯುತ್ತದೆ. ಬಂಡೆಯಲ್ಲಿ ಉದ್ದಕ್ಕೆ ಬಿರುಕುಗಳಿದ್ದರೆ ಹೊಳೆಗಳು ನೇರ ಗೆರೆಯಲ್ಲಿ ಹೋಗಿ ಮೂಲೆ ತಿರುಗುತ್ತವೆ, ಆಗ ಅದಕ್ಕೆ ಬೇರೆ ಹೆಸರು.

ನರಕೋಶವನ್ನು ತಿಳಿಯಲು ಕೆಆರ್‌ಎಸ್ ಒಳ್ಳೆಯ ಹೋಲಿಕೆ. ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥ ಮೂರೂ ತಮ್ಮ ತಮ್ಮ ಕವಲುಗಳ ನೀರು ತಂದು ಕಟ್ಟೆಯ ಹಿಂದೆ ಸೇರಿಸುತ್ತವೆ. ಅಲ್ಲಿಂದ ವಿಶ್ವೇಶ್ವರಯ್ಯ ನಾಲೆ ಒಂದೇ ದಾರಿಯಲ್ಲಿ ಹೊರಟು, ದೂರ ಹೋದ ಮೇಲೆ ಕವಲೊಡೆದು ಗದ್ದೆಗಳಿಗೆ ನೀರು ಹಂಚುತ್ತದೆ. ನರಕೋಶದಲ್ಲಿ ಸಂದೇಶ ತಂದು ಸೇರಿಸುವ ಕವಲುಗಳೇ ಡೆಂಡ್ರೈಟ್‌ಗಳು. ನಡುವಿನ ಕೋಶಕಾಯದ ಹತ್ತಿರ ಎಲ್ಲದರ ಮೊತ್ತ ಆಗುತ್ತದೆ. ಆ ಮೊತ್ತ ಒಂದು ಮಟ್ಟ ದಾಟಿದರೆ ಆಕ್ಸಾನ್ ಎಂಬ ಉದ್ದದ ಎಳೆಯಲ್ಲಿ ಸಂದೇಶ ಹೊರಗೆ ಹೊರಡುತ್ತದೆ, ದಾಟದಿದ್ದರೆ ಇಲ್ಲ. ನಾಲೆಯಲ್ಲಿ ಹೆಚ್ಚು ನೀರು, ಕಮ್ಮಿ ನೀರು ಅಂತ ಇರುತ್ತದೆ. ಇಲ್ಲಿ ಹಾಗಿಲ್ಲ, ಹೊರಟರೆ ಪೂರ್ತಿ, ಇಲ್ಲದಿದ್ದರೆ ಏನೂ ಇಲ್ಲ.

ಸಣ್ಣ ಮೆದುಳಿನಲ್ಲಿರುವ ಪರ್ಕಿಂಜೆ ಕೋಶದ ಕವಲುಗಳು ಎಷ್ಟು ದಟ್ಟ ಅಂದರೆ, ಅಂಥ ಒಂದೇ ಕೋಶಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಕಡೆಯಿಂದ ಸಂದೇಶ ಬರುತ್ತದೆ. ಈ ರೂಪ ಪೂರ್ತಿಯಾಗಿ ಕಣ್ಣಿಗೆ ಬಿದ್ದದ್ದು ಇಟಲಿಯ ಕಮಿಲ್ಲೊ ಗಾಲ್ಜಿ 1873ರಲ್ಲಿ ಕಂಡುಹಿಡಿದ, ಬೆಳ್ಳಿಯ ಲವಣದಿಂದ ಕೋಶಕ್ಕೆ ಬಣ್ಣ ಹಾಕುವ ವಿಧಾನದಿಂದ. ಆ ಬಣ್ಣ ನೂರಾರು ಕೋಶಗಳಲ್ಲಿ ಕೆಲವಕ್ಕೆ ಮಾತ್ರ ಹತ್ತುತ್ತದೆ, ಆದರೆ ಹತ್ತಿದ ಕೋಶ ತುದಿಯವರೆಗೂ ಕಪ್ಪಾಗುತ್ತದೆ. ಎಲ್ಲಕ್ಕೂ ಹತ್ತಿದ್ದರೆ ಇಡೀ ಮೆದುಳು ಕಪ್ಪು ಮುದ್ದೆಯಾಗಿ ಒಂದು ಕೋಶವೂ ತಿಳಿಯುತ್ತಿರಲಿಲ್ಲ. ಸ್ಪೇನಿನ ರಮೋನ್ ಇ ಕಹಾಲ್ ಅದನ್ನೇ ಬಳಸಿ ಸಾವಿರಾರು ಚಿತ್ರ ಬಿಡಿಸಿದರು. ಇಬ್ಬರಿಗೂ 1906ರ ನೊಬೆಲ್ ಸಿಕ್ಕಿತು. ಡೆಂಡ್ರೈಟ್ ಅನ್ನುವ ಹೆಸರು ಕೊಟ್ಟವರು ವಿಲ್ಹೆಲ್ಮ್ ಹಿಸ್.

ಆಸ್ಪತ್ರೆಯಲ್ಲಿ ಕೇಳುವ ಡೆಂಡ್ರಿಟಿಕ್

ಡೆಂಡ್ರಿಟಿಕ್ ಸೆಲ್ ಅಂದರೆ ನರಕೋಶದ ಭಾಗ ಅಲ್ಲ. ರೋಗ ತಡೆಯುವ ಒಂದು ಬಗೆಯ ಕೋಶ ಅದು, ಮೈಯಿಂದ ಕವಲು ಚಾಚಿರುವುದಕ್ಕೆ ಆ ಹೆಸರು. ಚರ್ಮದಲ್ಲಿ, ಮೂಗಿನ ಒಳಪದರದಲ್ಲಿ ಕಾದಿದ್ದು, ಒಳಗೆ ಬಂದ ರೋಗಾಣುವಿನ ಚೂರು ಹಿಡಿದು ಹಾಲ್ರಸದ ಗ್ರಂಥಿಗೆ (ಲಿಂಫ್ ನೋಡ್) ಒಯ್ದು, ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳಾದ ಟಿ ಕೋಶಗಳಿಗೆ ತೋರಿಸುತ್ತದೆ. ಲಸಿಕೆ ಚುಚ್ಚಿದಾಗಲೂ ಈ ಕೆಲಸ ಅದರದ್ದೇ. 1973ರಲ್ಲಿ ಇದನ್ನು ಗುರುತಿಸಿದ ರಾಲ್ಫ್ ಸ್ಟೈನ್‌ಮನ್ ಅವರಿಗೆ 2011ರ ನೊಬೆಲ್ ಬಂತು. ಘೋಷಣೆಗೆ ಮೂರು ದಿನ ಮೊದಲು ಅವರು ತೀರಿಕೊಂಡಿದ್ದರು, ಸಮಿತಿಗೆ ಅದು ಗೊತ್ತಿರಲಿಲ್ಲ. ಪ್ರಶಸ್ತಿಯನ್ನು ಹಿಂದಕ್ಕೆ ಪಡೆಯಲಿಲ್ಲ.

ಡೆಂಡ್ರಿಟಿಕ್ ಅಲ್ಸರ್ ಅಂದರೆ ಕಣ್ಣಿನ ಕಪ್ಪುಗುಡ್ಡೆಯ ಮೇಲಿನ ಪಾರದರ್ಶಕ ಪದರದಲ್ಲಿ ಹರ್ಪಿಸ್ ವೈರಸ್‌ನಿಂದ ಆಗುವ ಹುಣ್ಣು. ಡಾಕ್ಟರು ಕಣ್ಣಿಗೆ ಬಣ್ಣದ ಹನಿ ಹಾಕಿ ನೀಲಿ ಬೆಳಕು ಬಿಟ್ಟರೆ ಕವಲೊಡೆದ ಹಸಿರು ಗೆರೆ ಕಾಣುತ್ತದೆ, ಆ ಗೆರೆಯಿಂದಲೇ ಕಾಯಿಲೆ ಯಾವುದು ಅಂತ ಹೆಚ್ಚಾಗಿ ತಿಳಿಯುತ್ತದೆ. ಕಣ್ಣು ಕೆಂಪಾಗಿದೆ ಅಂತ ಮೆಡಿಕಲ್ ಸ್ಟೋರಿನಲ್ಲಿ ಕೇಳಿ ಸ್ಟೀರಾಯ್ಡ್ ಹನಿ ಹಾಕಿಕೊಂಡರೆ ಈ ಹುಣ್ಣು ಇನ್ನೂ ಹರಡಬಹುದು. ದಯವಿಟ್ಟು ಡಾಕ್ಟರಿಗೆ ತೋರಿಸಿಯೇ ಹನಿ ಹಾಕಿ.

ತುದಿಗೆ ಜಾಸ್ತಿ ಸಿಗುವುದರಿಂದ ಬೆಳೆಯುವ ಮರ

ನದಿ, ನರಕೋಶಗಳಲ್ಲಿ ಕವಲು ಇರುವುದು ದೊಡ್ಡ ಜಾಗದಿಂದ ಒಂದು ಕಡೆಗೆ ತರುವ ದಾರಿಗಳಾಗಿ. ಬ್ಯಾಟರಿಯೊಳಗಿನ ಡೆಂಡ್ರೈಟ್‌ಗೆ ಕಾರಣವೇ ಬೇರೆ. ಲಿಥಿಯಂ ಅಯಾನ್ ಬ್ಯಾಟರಿ ಚಾರ್ಜ್ ಆಗುವಾಗ ಲಿಥಿಯಂ ಕಣಗಳು ಒಂದು ಬದಿಯಿಂದ ಹೊರಟು ಇನ್ನೊಂದು ಬದಿಯ ಗ್ರಾಫೈಟ್ ಪದರಗಳ ನಡುವೆ ಹೋಗಿ ಕೂರುತ್ತವೆ. ಮಿತಿಮೀರಿದ ವೇಗದಲ್ಲಿ ಚಾರ್ಜ್ ಮಾಡಿದರೆ, ಮಿತಿ ಮೀರಿ ತುಂಬಿಸಿದರೆ, ಅಥವಾ ನೀರು ಹೆಪ್ಪುಗಟ್ಟುವಷ್ಟು ಚಳಿಯಲ್ಲಿ ಚಾರ್ಜ್ ಮಾಡಿದರೆ (ಮೈಸೂರಿನ ಚಳಿ ಆ ಮಟ್ಟಕ್ಕೆ ಹೋಗುವುದಿಲ್ಲ) ಅವು ಒಳಗೆ ಹೋಗಲಾಗದೆ ಮೇಲೇ ಲೋಹವಾಗಿ ಕೂರುತ್ತವೆ. ಎಲ್ಲೋ ಒಂದು ಕಡೆ ಸ್ವಲ್ಪ ಉಬ್ಬು ಇದ್ದರೆ ಮುಂದೆ ಬರುವ ಕಣಗಳಿಗೆ ಅದೇ ಹತ್ತಿರ. ಹಾಗಾಗಿ ಉಬ್ಬಿನ ಮೇಲೇ ಇನ್ನಷ್ಟು ಕೂರುತ್ತವೆ, ಅದು ಇನ್ನೂ ಚಾಚುತ್ತದೆ, ಚಾಚಿದಷ್ಟೂ ಇನ್ನೂ ಹೆಚ್ಚು ಸಿಗುತ್ತದೆ.

ಎರಡು ಬದಿಗಳ ನಡುವೆ ಕೂದಲಿಗಿಂತ ತೆಳ್ಳಗಿನ ಪ್ಲಾಸ್ಟಿಕ್ ಪೊರೆ ಇರುತ್ತದೆ. ಲೋಹದ ಕವಲು ಅದನ್ನು ತೂತು ಮಾಡಿ ಆಚೆ ಮುಟ್ಟಿದರೆ ಒಳಗೇ ಶಾರ್ಟ್ ಸರ್ಕ್ಯೂಟ್, ಶಾಖ, ಕೆಲವೊಮ್ಮೆ ಬೆಂಕಿ. ಬ್ಯಾಟರಿಗೆ ಬೆಂಕಿ ಬೀಳುವುದಕ್ಕೆಲ್ಲ ಇದೇ ಕಾರಣ ಅಲ್ಲ. ಏಟು ಬಿದ್ದ ಸೆಲ್, ತಯಾರಿಯ ದೋಷ, ಹೊಂದದ ಚಾರ್ಜರ್ ಇವೂ ಇವೆ.

ಕಲ್ಲಿನ ಬಿರುಕಿನಲ್ಲಿ ಮ್ಯಾಂಗನೀಸ್ ಇರುವ ನೀರು ಇಳಿದಾಗಲೂ ತುದಿಯಿಂದಲೇ ಹೀಗೆ ಕವಲು ಬೆಳೆಯುತ್ತದೆ. ಕಲ್ಲು ಸೀಳಿದಾಗ ಕಾಣುವ ಕಪ್ಪು ಜರೀಗಿಡದ ಚಿತ್ರವನ್ನು ಹಳೆಯ ಕಾಲದ ಎಲೆಯ ಅಚ್ಚು ಅಂತ ಎಷ್ಟೋ ಜನ ತಿಳಿಯುತ್ತಾರೆ. ಅಲ್ಲಿ ಗಿಡ ಯಾವತ್ತೂ ಇರಲಿಲ್ಲ.

ಡೆಂಡ್ರೋಗ್ರಾಮ್ ಓದುವುದು ಹೇಗೆ?

ಕೃಷಿ ವಿದ್ಯಾರ್ಥಿಗಳ ಪ್ರಬಂಧಗಳಲ್ಲಿ ಇದು ತುಂಬಾ ಬರುತ್ತದೆ. ಹತ್ತಿಪ್ಪತ್ತು ಭತ್ತದ ತಳಿಗಳ ಡಿಎನ್‌ಎ ಹೋಲಿಸಿ, ಯಾವುದು ಯಾವುದಕ್ಕೆ ಹತ್ತಿರ ಅಂತ ಕವಲಿನ ಚಿತ್ರವಾಗಿ ಬರೆದರೆ ಅದು ಡೆಂಡ್ರೋಗ್ರಾಮ್. ತಳಿಗಳ ಹೆಸರು ಕೆಳಗೆ ಸಾಲಾಗಿ ಇರುತ್ತವೆ, ಮೇಲಕ್ಕೆ ಹೋದಂತೆ ಎರಡೆರಡು ಗೆರೆ ಕೂಡುತ್ತವೆ. ಇಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ಎರಡು ಹೆಸರು ಅಕ್ಕಪಕ್ಕ ಇದ್ದ ಮಾತ್ರಕ್ಕೆ ಅವು ಹತ್ತಿರದ ಸಂಬಂಧಿಗಳಲ್ಲ, ಯಾಕೆಂದರೆ ಯಾವ ಕವಲನ್ನಾದರೂ ಎಡಕ್ಕೋ ಬಲಕ್ಕೋ ತಿರುಗಿಸಿ ಬರೆದರೂ ಅರ್ಥ ಬದಲಾಗುವುದಿಲ್ಲ. ನೋಡಬೇಕಾದ್ದು ಆ ಎರಡರ ಗೆರೆಗಳು ಎಷ್ಟು ಎತ್ತರದಲ್ಲಿ ಕೂಡುತ್ತವೆ ಅನ್ನುವುದನ್ನು. ಕೆಳಗೇ ಕೂಡಿದರೆ ಹತ್ತಿರ, ಮೇಲೆ ಹೋಗಿ ಕೂಡಿದರೆ ದೂರ.